ಕರೆಂಟ್ ಇದ್ದಾಗ ನೋಡಿ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ತಿಂಗಳು ಈ ಪುಟದಲ್ಲಿ ಒಂದು ಮಾತು ಹಾಕಿದ್ದೆ. ಚಿತ್ರ ಬಿಡಿಸುವವರು, ಕಥೆ ಬರೆಯುವವರು, ಪೋಸ್ಟರ್ ಮಾಡುವವರು, ಸುಮ್ನೆ ಏನಾದರೂ ಕೈಯಾಡಿಸುತ್ತ ಇರುವವರು, ನಿಮಗೆಲ್ಲ ಎಂಥ ಜಾಲತಾಣ ಬೇಕು ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ ಅಂತ. ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು "ಪುಕ್ಕಟೆ ಸಿಗುತ್ತದಾ" ಅಂತಲೇ ಇದ್ದವು. ಸಿಗುತ್ತದೆ. ಆದರೆ ಪುಕ್ಕಟೆ ಸಿಗುವುದು ಬೇರೆ, ಬಳಸಲು ಅನುಮತಿ ಇರುವುದು ಬೇರೆ. ಅದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಆ ಕತೆ ಕೆಳಗೆ ಬರುತ್ತದೆ. ತಾಣಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಗೂಗಲ್‌ಗೆ ಬಾಯಲ್ಲಿ ಹೇಳಿದರೂ ಸಿಗುತ್ತವೆ.

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ಬಿ.ಎಸ್ಸಿ. ಎರಡನೇ ವರ್ಷ. ಗಿಡ, ಹೂವು, ಕಾಯಿ ಬಿಡಿಸುವುದೆಂದರೆ ಇಷ್ಟ. ಪಿಂಟರೆಸ್ಟ್ ನೋಡಿ ನೋಡಿ ಈಗ ಎಲ್ಲವೂ ಒಂದೇ ತರ ಕಾಣುತ್ತಿದೆ. ಬೇರೆ ಏನಾದರೂ ಇದೆಯಾ? ಇರುವುದು ಫೋನ್ ಒಂದೇ.

ಉತ್ತರ: ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಕರೆಯುತ್ತೇನೆ ತಂಗಿ. ಪಿಂಟರೆಸ್ಟಿನಲ್ಲಿ ನೀನು ಒಂದು ಗುಲಾಬಿ ನೋಡಿದರೆ ಅದು ನಾಳೆ ನಲವತ್ತು ಗುಲಾಬಿ ತಂದು ಎದುರಿಗೆ ಇಡುತ್ತದೆ. ಅದರ ಕೆಲಸವೇ ಅದು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಒಂದು ತಾಣ ಇದೆ, 2006ರಲ್ಲಿ ಶುರುವಾದದ್ದು. ಬೇರೆ ಬೇರೆ ದೇಶಗಳ ಗ್ರಂಥಾಲಯಗಳು ಸೇರಿ ಗಿಡ, ಪ್ರಾಣಿ, ಹಕ್ಕಿ, ಹುಳುಗಳ ಹಳೆಯ ಪುಸ್ತಕಗಳನ್ನು ಪುಟ ಪುಟ ಸ್ಕ್ಯಾನ್ ಮಾಡಿ ಅಲ್ಲಿ ಇಟ್ಟಿವೆ. ಖಾತೆ ತೆರೆಯುವುದು ಬೇಡ, ದುಡ್ಡು ಬೇಡ.

ಅಲ್ಲಿ ಮೊದಲು ಹುಡುಕಬೇಕಾದದ್ದು ಹೊರ್ತುಸ್ ಮಲಬಾರಿಕಸ್. ಡಚ್ಚರು ಕೊಚ್ಚಿಯಲ್ಲಿದ್ದಾಗ ಅವರ ಗವರ್ನರ್ ಆಗಿದ್ದ ವಾನ್ ರೀಡ್ ಎನ್ನುವವನು ಮಲಬಾರಿನ ಗಿಡಮರಗಳ ಬಗ್ಗೆ ಮಾಡಿಸಿದ ಪುಸ್ತಕ. ಒಟ್ಟು 12 ಸಂಪುಟ. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಬಗ್ಗೆ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಅವರ ಜೊತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಇದ್ದರು. ಹಾಗಾಗಿ ಅದರಲ್ಲಿ ಗಿಡಗಳ ಕೊಂಕಣಿ ಹೆಸರು ನಾಗರಿ ಲಿಪಿಯಲ್ಲಿದೆ. ಕಾರವಾರ, ಕುಮಟಾ ಕಡೆಯವರಿಗೆ ಇದನ್ನು ತೋರಿಸಿದರೆ ಖುಷಿಪಡುತ್ತಾರೆ, ನಾನು ತೋರಿಸಿ ನೋಡಿದ್ದೇನೆ.

ಮಾತೆಲ್ಲ ಲ್ಯಾಟಿನ್, ನಮಗೆ ತಿಳಿಯುವುದಿಲ್ಲ. ಬೇಡ, ಚಿತ್ರ ನೋಡು ಸಾಕು. ಮೊದಲ ಸಂಪುಟ ತೆಗೆದರೆ ತೆಂಗು, ಅಡಿಕೆ, ಬಾಳೆ. ಅದೇ ಸಂಪುಟದಲ್ಲಿ ಕೊಡಂಪುಳಿ ಅಂತ ಒಂದು ಮರ ಬರುತ್ತದೆ, ಅದು ಬೇರೆ ಏನೂ ಅಲ್ಲ, ನಿಮ್ಮ ಬೆಟ್ಟದ ಉಪ್ಪಾಗೆ! ಮುನ್ನೂರು ವರ್ಷದ ಹಿಂದೆ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದು. ಕೊರೆದವರು ಕಾಯಿಯನ್ನು ಹೇಗೆ ತೋರಿಸಿದ್ದಾರೆ, ಎಲೆಯ ಬೆನ್ನು ಕಾಣುವ ಹಾಗೆ ಒಂದನ್ನು ಹೇಗೆ ಮಡಚಿದ್ದಾರೆ, ನೆರಳಿಗೆ ಬರೀ ಗೆರೆಯನ್ನೇ ಎಷ್ಟು ಒತ್ತಾಗಿ ಎಳೆದಿದ್ದಾರೆ, ಇದನ್ನು ಫೋನಿನಲ್ಲಿ ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡು. ಆಮೇಲೆ ಫೋನ್ ಒಳಗಿಟ್ಟು ಬೆಟ್ಟಕ್ಕೆ ಹೋಗು. ಉಪ್ಪಾಗೆ ಮಳೆಗಾಲದ ಬೆಳೆ ಅಲ್ವಾ, ಜನ ಕೊಯ್ದು ಒಲೆ ಹೊಗೆಯಲ್ಲಿ ಒಣಗಿಸುವಾಗ ಒಂದು ಟೊಂಗೆ ತಂದು ಎದುರಿಗೆ ಇಟ್ಟುಕೊಂಡು ಬಿಡಿಸು. ಆ ಡಚ್ಚರ ಚಿತ್ರದಲ್ಲಿ ಬಣ್ಣ ಇಲ್ಲ. ನಿನ್ನದರಲ್ಲಿ ಇರುತ್ತದೆ.

ಮನುಷ್ಯರ ಚಿತ್ರ ಬಿಡಿಸುವ ಅಭ್ಯಾಸಕ್ಕೆ ಲೈನ್ ಆಫ್ ಆ್ಯಕ್ಷನ್ ಎಂಬ ತಾಣ ಚೆನ್ನಾಗಿದೆ. ಅರ್ಧ ನಿಮಿಷಕ್ಕೊಮ್ಮೆ ಫೋಟೋ ಬದಲಾಗುವ ಹಾಗೆ ಇಡಬಹುದು, ಅಷ್ಟರೊಳಗೆ ಬಿಡಿಸಿ ಮುಗಿಸಬೇಕು. ಮೊದಲ ವಾರ ಸಿಟ್ಟು ಬರುತ್ತದೆ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ 3,75,000 ಚಿತ್ರಗಳನ್ನು ಯಾರು ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ಅದನ್ನೂ ನೋಡು, ಆದರೆ ದಿನಕ್ಕೆ ಒಂದು. ಇಲ್ಲದಿದ್ದರೆ ಅದೂ ಪಿಂಟರೆಸ್ಟೇ ಆಗುತ್ತದೆ.

ಪ್ರಶ್ನೆ: ಹೊನ್ನಾವರ ತಾಲೂಕಿನ ನಮ್ಮೂರಲ್ಲಿ ಬಯಲಾಟದ ಪೋಸ್ಟರ್, ಜಾತ್ರೆ ಆಮಂತ್ರಣ ಎಲ್ಲ ನಾನೇ ಮಾಡುವುದು. ಫೋಟೋಶಾಪಿನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಪ್ರೆಸ್ಸಿನವರು ನುಡಿ ಫಾಂಟಿನಲ್ಲಿ ಕೊಡಿ ಅನ್ನುತ್ತಾರೆ. ಚಂದದ ಕನ್ನಡ ಫಾಂಟ್ ಎಲ್ಲಿ ಸಿಗುತ್ತದೆ?

ಉತ್ತರ: ಅಯ್ಯೋ, ಈ ನೋವು ನನಗೂ ಗೊತ್ತು ಮಾರಾಯ್ರೇ. ಒಮ್ಮೆ ಭೀಷ್ಮ ಹೋಗಿ ಭೀಷ್‌ಮ ಆಗಿ ಫ್ಲೆಕ್ಸ್ ಅಚ್ಚಾಗಿಯೇ ಬಂದಿತ್ತು. ಆಟ ನಡೆಯುವ ಗದ್ದೆಯ ಬದಿಗೆ ಎರಡು ದಿನ ನಿಂತಿತ್ತು ಅದು.

ಮೊದಲು ಕಾರಣ ತಿಳಿದುಕೊಳ್ಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು ಕಾಣುವುದು ಅದಕ್ಕೇ. ಎಲ್ಲ ಭಾಷೆಯ ಅಕ್ಷರಗಳಿಗೂ ಅದರದೇ ಜಾಗ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ, ಷ ಮತ್ತು ಮ ಸೇರಿ ಷ್ಮ ಆಗುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು. ಫೋಟೋಶಾಪಿಗೆ ಆ ಕೆಲಸ ಬರುತ್ತದೆ, ಆದರೆ ಹೇಳದೆ ಮಾಡುವುದಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಇದೆ. ಅಲ್ಲಿ ಹೊಸದರಲ್ಲಾದರೆ ವರ್ಲ್ಡ್ ರೆಡಿ, ಸ್ವಲ್ಪ ಹಳೆಯದರಲ್ಲಾದರೆ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಅದನ್ನು ಆರಿಸಿ, ಫೋಟೋಶಾಪ್ ಮುಚ್ಚಿ ತೆರೆಯಿರಿ. ಇಷ್ಟೇ. ಇದನ್ನು ಯಾರಾದರೂ ಹತ್ತು ವರ್ಷದ ಹಿಂದೆ ನನಗೆ ಹೇಳಿದ್ದರೆ ಎಷ್ಟು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಫಾಂಟಿಗೆ ಗೂಗಲ್ ಫಾಂಟ್ಸ್ ತಾಣಕ್ಕೆ ಹೋಗಿ, ಭಾಷೆ ಕನ್ನಡ ಅಂತ ಆರಿಸಿ. ಅಲ್ಲಿರುವುದೆಲ್ಲ ಮುಕ್ತ ಪರವಾನಗಿಯವು, ಪೋಸ್ಟರ್ ಮಾಡಿ ದುಡ್ಡು ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ನನ್ನ ಲೆಕ್ಕ ಹೇಳುತ್ತೇನೆ. ದೂರದಿಂದ ಓದಬೇಕಾದ ದಪ್ಪ ತಲೆಬರಹಕ್ಕೆ ಬಾಲೂ ತಮ್ಮ. ಗುಂಡು ಗುಂಡಾಗಿದೆ, ಮಕ್ಕಳ ಕಾರ್ಯಕ್ರಮಕ್ಕೆ ಸರಿ, ಶ್ರದ್ಧಾಂಜಲಿಗೆ ಹಾಕಬೇಡಿ. ಕಿರಿದಾದ ಜಾಗದಲ್ಲಿ ಉದ್ದ ಹೆಸರು ತುರುಕಬೇಕಾದರೆ ಅನೇಕ್ ಕನ್ನಡ, ಅದರ ಅಗಲ ಮತ್ತು ದಪ್ಪ ಎರಡನ್ನೂ ಬೇಕಾದಷ್ಟು ಎಳೆಯಬಹುದು, ಕುಗ್ಗಿಸಬಹುದು. ಕಲಾವಿದರ ಹೆಸರು, ಅವರ ಊರಿನ ಹೆಸರು, ಪಾತ್ರದ ಹೆಸರು ಎಲ್ಲ ಒಂದೇ ಸಾಲಿನಲ್ಲಿ ಬರಬೇಕು ಅಂತ ಸಮಿತಿಯವರು ಹಠ ಹಿಡಿಯುತ್ತಾರಲ್ಲ, ಆಗ ಇದೇ ಗತಿ. ಪುಸ್ತಕದ ಒಳಪುಟಕ್ಕೆ ತಿರೋ ಕನ್ನಡ, ಕಣ್ಣಿಗೆ ತಂಪು. ಹುಬ್ಬಳ್ಳಿ ಅಂತಲೂ ಒಂದು ಫಾಂಟ್ ಇದೆ, ಕೈಬರಹದ ಹಾಗೆ ತೆಳ್ಳಗೆ. ಹೆಸರು ಘಟ್ಟದ ಮೇಲಿನದಾದರೂ ನಮ್ಮ ಆಮಂತ್ರಣಕ್ಕೆ ಒಪ್ಪುತ್ತದೆ.

ಇನ್ನು ಪ್ರೆಸ್ಸಿನವರ ಮಾತು. ಅವರ ಹತ್ತಿರ ಹಳೆಯ ಕೋರೆಲ್ ಅಥವಾ ಪೇಜ್‌ಮೇಕರ್ ಇದ್ದರೆ ಯೂನಿಕೋಡ್ ನಿಜವಾಗಿಯೂ ಕೆಡುತ್ತದೆ, ಅವರದು ತಪ್ಪಲ್ಲ. ನೀವು ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ ಪಿಡಿಎಫ್ ಕೊಟ್ಟುಬಿಡಿ. ಆಗ ಅದು ಅಕ್ಷರ ಅಲ್ಲ, ಬರೀ ಗೆರೆ. ಯಾವ ಪ್ರೆಸ್ಸಿನಲ್ಲೂ ಒಡೆಯುವುದಿಲ್ಲ. ಆದರೆ ಕರ್ವ್ಸ್ ಮಾಡುವ ಮುಂಚಿನ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಭಾಗವತರು ಬದಲಾದ ಸುದ್ದಿ ರಾತ್ರಿ ಹತ್ತಕ್ಕೇ ಬರುವುದು. ಕೈಯಲ್ಲಿ ಫೋಟೋಶಾಪ್ ಇಲ್ಲದವರಿಗೆ ಫೋಟೋಪಿಯಾ ಇದೆ. ಬ್ರೌಸರಿನಲ್ಲೇ ತೆರೆಯುತ್ತದೆ, ಫೋಟೋಶಾಪ್ ಫೈಲನ್ನೂ ಓದುತ್ತದೆ, ನಿಮ್ಮ ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.

ಪ್ರಶ್ನೆ: ಕಾರವಾರದ ಸಮುದ್ರದ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇವೆ, ನಾಲ್ಕು ಜನ ಗೆಳೆಯರು. ಅಲೆ, ಗಾಳಿ, ಹಕ್ಕಿ ಶಬ್ದ ಎಲ್ಲಿ ಸಿಗುತ್ತದೆ? ಯೂಟ್ಯೂಬಿನಿಂದ ತೆಗೆದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ.

ಈಗ ನನ್ನ ಮರ್ಯಾದೆಯ ಕತೆ. ಕೆಲವು ವರ್ಷದ ಹಿಂದೆ ಒಂದು ನಾಟಕದ ಪೋಸ್ಟರಿಗೆ ಅಂತರ್ಜಾಲದಲ್ಲಿ ಸಿಕ್ಕಿದ ಸೂರ್ಯಾಸ್ತದ ಫೋಟೋ ಹಾಕಿದೆ. ಯಾರೋ ಪರದೇಶದವರದ್ದು ಅಂದುಕೊಂಡಿದ್ದೆ. ಮರುದಿನ ಫೋನ್ ಬಂತು, "ಫೋಟೋ ಚೆನ್ನಾಗಿ ಬಂದಿದೆ ಮಾರಾಯ, ಹೆಸರು ಮಾತ್ರ ಎಲ್ಲೂ ಕಾಣಲಿಲ್ಲ." ತೆಗೆದವನು ನಮ್ಮ ಮನೆಯಿಂದ ಮೂರು ಕಿಲೋಮೀಟರ್ ದೂರದ ಹುಡುಗ. ಅವನು ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅವತ್ತಿನಿಂದ ನಾನು ಮೊದಲು ಪರವಾನಗಿ ನೋಡುವುದು. ಕ್ರಿಯೇಟಿವ್ ಕಾಮನ್ಸ್ ಎಂಬ ಗುರುತು ಇರುತ್ತದೆ. ಸಿಸಿ ಜೀರೋ ಅಂದರೆ ಏನು ಬೇಕಾದರೂ ಮಾಡಿ. ಬೈ ಅಂತ ಇದ್ದರೆ ಮಾಡಿದವರ ಹೆಸರು ಹಾಕಬೇಕು. ಎನ್‌ಸಿ ಇದ್ದರೆ ದುಡ್ಡಿನ ಕೆಲಸಕ್ಕೆ ಬಳಸುವ ಹಾಗಿಲ್ಲ. ಚಾನೆಲ್ಲಿಗೆ ಜಾಹೀರಾತು ಬರುವ ಹಾಗಿದ್ದರೆ ಎನ್‌ಸಿ ಮುಟ್ಟಬೇಡಿ.

ಶಬ್ದಕ್ಕೆ ಫ್ರೀಸೌಂಡ್. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ್ದು. ಡೌನ್‌ಲೋಡಿಗೆ ಖಾತೆ ಬೇಕು, ದುಡ್ಡು ಬೇಡ. ಒಂದೊಂದು ಶಬ್ದದ ಪಕ್ಕದಲ್ಲೂ ಪರವಾನಗಿ ಬರೆದಿರುತ್ತದೆ. ಹಕ್ಕಿಗೆ ಕ್ಸೆನೋ ಕಾಂಟೋ. ನಸುಕಿನಲ್ಲಿ ಪೋಲಿ ಹುಡುಗನ ಹಾಗೆ ಸಿಳ್ಳೆ ಹೊಡೆಯುವ ಹಕ್ಕಿ ಇದೆಯಲ್ಲ ಘಟ್ಟದಲ್ಲಿ, ಮಲಬಾರ್ ವಿಸ್ಲಿಂಗ್ ಥ್ರಶ್, ಅದರ ದನಿ ಅಲ್ಲಿ ಬೇಕಾದಷ್ಟಿದೆ. ಮಂಗಟ್ಟೆಯದ್ದೂ ಇದೆ. ಅಲ್ಲಿ ಜಾಸ್ತಿ ಎನ್‌ಸಿಯೇ, ಬೇಕಾದರೆ ರೆಕಾರ್ಡ್ ಮಾಡಿದವರಿಗೆ ಬರೆದು ಕೇಳಿ.

ಆದರೆ ಒಂದು ಮಾತು. ಕಾರವಾರದಲ್ಲಿ ಕೂತು ಅಲೆಯ ಶಬ್ದವನ್ನು ಬಾರ್ಸಿಲೋನಾದಿಂದ ತರಿಸುವುದಾ? ರಂಪಣಿ ಬಲೆ ಎಳೆಯುವಾಗ ಎರಡೂ ಕಡೆ ನಿಂತು ಜನ ಕೂಗುತ್ತಾರಲ್ಲ, ಅದನ್ನು ನಾನು ಫ್ರೀಸೌಂಡಿನಲ್ಲಿ ಹುಡುಕಿದೆ, ಸಿಗಲಿಲ್ಲ. ನೀವು ಬೆಳಿಗ್ಗೆ ಎದ್ದು ಹೋದರೆ ಸಿಗಬಹುದು. ಫೋನಿಗೆ ಗಾಳಿ ಬಡಿದು ಬುರುಬುರು ಅನ್ನುತ್ತದೆ, ಮೈಕಿನ ಜಾಗಕ್ಕೆ ಹತ್ತಿ ಬಟ್ಟೆ ಸುತ್ತಿ, ಗಾಳಿಗೆ ಬೆನ್ನು ಮಾಡಿ ನಿಂತುಕೊಳ್ಳಿ. ಎಲ್ಲರೂ ಸುಮ್ಮನಿರಿ. ಎರಡು ನಿಮಿಷ ಬಿಡದೆ ರೆಕಾರ್ಡ್ ಮಾಡಿ, ಹತ್ತು ಸೆಕೆಂಡಿನ ತುಂಡು ಎಡಿಟಿಂಗಿಗೆ ಸಾಲುವುದಿಲ್ಲ. ಸರಿಮಾಡಲು ಆಡಾಸಿಟಿ ಇದೆ, ಉಚಿತ.

ಟಾಗೋರರ ಮಾತನ್ನು ಚಿತ್ರದಲ್ಲಿ ಓದಿಸಬಹುದಾ ಅಂತಲೂ ಕೇಳಿದ್ದೀರಿ. ಓದಿಸಿ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಟಾಗೋರರು ಬಂದು ಇದ್ದದ್ದು, ಈ ಕಡಲತೀರ ಕಂಡದ್ದು ಅವರ ನೆನಪಿನ ಪುಸ್ತಕದಲ್ಲಿದೆ. ಅದರ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಸಿಗುತ್ತದೆ. ಟಾಗೋರರು ತೀರಿಕೊಂಡದ್ದು 1941ರಲ್ಲಿ, ಹಕ್ಕಿನ ತಕರಾರು ಇಲ್ಲ. ಕನ್ನಡ ನೀವೇ ಮಾಡಿಕೊಳ್ಳಿ.

ಪ್ರಶ್ನೆ: ನಾನು ಅಂಕೋಲೆಯಲ್ಲಿ ನಿವೃತ್ತ ಶಿಕ್ಷಕಿ. ಮಕ್ಕಳ ಕಥೆ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ನಿಘಂಟು ಇದೆಯೇ? ದಿನಕರ ದೇಸಾಯಿಯವರ ಚುಟುಕಗಳನ್ನು ಬಟ್ಟೆಚೀಲದ ಮೇಲೆ ಅಚ್ಚು ಹಾಕಿಸಿ ಮಾರಬಹುದೇ?

ಉತ್ತರ: ಅಕ್ಕೋರೇ, ನಿಘಂಟಿಗೆ ಅಲರ್ ನೋಡಿ. ವಿ. ಕೃಷ್ಣ ಅವರು ನಲವತ್ತು ವರ್ಷ ಕೂತು ಮಾಡಿದ ಕನ್ನಡ ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷ ಕನ್ನಡ ಪದಗಳಿವೆ. 2019ರಲ್ಲಿ ಅಂತರ್ಜಾಲಕ್ಕೆ ಬಂತು. ತಾಣದಲ್ಲಿ ಜಾಹೀರಾತಿಲ್ಲ, ಗದ್ದಲವಿಲ್ಲ, ಪದ ಹೊಡೆದರೆ ಅರ್ಥ, ಮುಗಿಯಿತು. ಒಬ್ಬ ಮನುಷ್ಯ ಇಷ್ಟು ಮಾಡಿದ್ದಾನೆ ಅಂತ ನೆನೆಸಿಕೊಂಡರೆ ನನಗೆ ನನ್ನ ಸೋಮಾರಿತನದ ಬಗ್ಗೆ ಬೇಜಾರಾಗುತ್ತದೆ.

ಹಳೆಯ ಪದಗಳಿಗೆ ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ಆ ನಿಘಂಟಿನ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್ ತಾಣದಲ್ಲಿದೆ. ಪದ ಹುಡುಕುವುದು ನಿಧಾನ, ಪುಟ ತಿರುವುತ್ತ ಹೋಗಬೇಕು. ಆದರೆ ಹುಡುಕಿದ ಪದದ ಹಿಂದೆ ಮುಂದೆ ಇರುವ ಹತ್ತು ಪದ ಪುಕ್ಕಟೆ ಸಿಗುತ್ತವೆ, ಕಥೆ ಬರೆಯುವವರಿಗೆ ಅದೇ ಲಾಭ. ವಚನ, ದಾಸರ ಪದ ಟೈಪ್ ಮಾಡಿದ್ದು ಬೇಕಾದರೆ ಕನ್ನಡ ವಿಕಿಸೋರ್ಸ್.

ಚೀಲದ ವಿಷಯ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಇರುತ್ತದೆ. ದೇಸಾಯಿಯವರು ಹೋದದ್ದು 1982ರಲ್ಲಿ. ಅಂದರೆ 2042 ಮುಗಿಯುವ ತನಕ ಮನೆಯವರನ್ನೋ ಪ್ರಕಾಶಕರನ್ನೋ, ಹಕ್ಕು ಯಾರ ಹತ್ತಿರ ಇದೆಯೋ ಅವರನ್ನು ಕೇಳಬೇಕು. ಅಂಕೋಲೆಯಲ್ಲೇ ಇದ್ದೀರಿ, ವಿಚಾರಿಸುವುದು ನಿಮಗೆ ಕಷ್ಟವಲ್ಲ. ಅಷ್ಟರವರೆಗೆ ಮಂಜೇಶ್ವರದ ಗೋವಿಂದ ಪೈಗಳ ಸಾಲು ಹಾಕಬಹುದು. ಅವರು ತೀರಿಕೊಂಡದ್ದು 1963, ಹಾಗಾಗಿ 2024ರ ಜನವರಿ 1ರಿಂದ ಅವರು ಬರೆದದ್ದು ಎಲ್ಲರದ್ದು. ಅಥವಾ ನೀವೇ ಚುಟುಕ ಬರೆದು ಹಾಕಿ. ಅಂಕೋಲೆಯವರಿಗೆ ಚುಟುಕ ಬರೆಯಲು ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಪ್ರಶ್ನೆ: ಭಟ್ಕಳದಿಂದ. ಇಬ್ಬರು ಮಕ್ಕಳು, ಮಳೆ, ರಜೆ, ಮೊಬೈಲ್. ಉಪಯೋಗವೇ ಬೇಡ, ರೀಲ್ಸ್ ಬಿಟ್ಟು ಬೇರೆ ಏನಾದರೂ ಮಜಾ ಇರುವುದು ಹೇಳಿ.

ಉತ್ತರ: ಮೂರು ಹೇಳುತ್ತೇನೆ ಅಕ್ಕ. ಕ್ರೋಮ್ ಮ್ಯೂಸಿಕ್ ಲ್ಯಾಬ್. ಚೌಕಗಳ ಮೇಲೆ ಬೆರಳಿಟ್ಟರೆ ಹಾಡು ಆಗುತ್ತದೆ, ಖಾತೆ ಬೇಡ. ಸಿಲ್ಕ್. ಒಂದು ಗೆರೆ ಎಳೆದರೆ ಆಚೆ ಕಡೆಯೂ ಅದೇ ಗೆರೆ ಮೂಡಿ ಬೆಳಕಿನ ರಂಗೋಲಿ ಹಾಗೆ ಹರಡುತ್ತದೆ. ರೇಡಿಯೋ ಗಾರ್ಡನ್. ಭೂಗೋಳ ತಿರುಗಿಸಿ ಹಸಿರು ಚುಕ್ಕೆ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೋ ಈಗ ಏನು ಹಾಡುತ್ತಿದೆಯೋ ಅದು ಕೇಳುತ್ತದೆ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾವ ದೇಶ ಅಂತ ಜಗಳವೇ ಆಗುತ್ತದೆ. ಮಕ್ಕಳಿಗೆ ಅಂತ ತೆರೆದು ನೀವೇ ಕೂತುಬಿಟ್ಟರೆ ನಾನು ಜವಾಬ್ದಾರನಲ್ಲ.

ಪ್ರಶ್ನೆ: ಸಿದ್ದಾಪುರದಿಂದ. ಎಐಗೆ ಹೇಳಿ ಬಡಗುತಿಟ್ಟಿನ ಯಕ್ಷಗಾನದ ಚಿತ್ರ ಮಾಡಿಸಿದೆ. ನಮ್ಮ ಅಜ್ಜ ನೋಡಿ ಇದು ಯಾವ ಊರಿನ ರಾಕ್ಷಸ ಅಂದರು. ಸರಿಯಾದ ಚಿತ್ರ ಎಲ್ಲಿ ಸಿಗುತ್ತದೆ?

ಉತ್ತರ: ಅಜ್ಜನಿಗೆ ನನ್ನ ನಮಸ್ಕಾರ. ನಾನೂ ಮಾಡಿಸಿ ನೋಡಿದೆ. ಮುಂಡಾಸು ಕೇಳಿದರೆ ಕಥಕಳಿ ಕಿರೀಟ ಬಂತು, ಕೇದಗೆ ಮುಂದಲೆ ಕೇಳಿದರೆ ನವಿಲುಗರಿಯ ಏನೋ ಒಂದು ಬಂತು. ಅದು ಕಂಡದ್ದನ್ನು ಕಲಸಿ ಕೊಡುತ್ತದೆ, ನಮ್ಮ ವೇಷ ಅದು ಕಂಡದ್ದು ಕಡಿಮೆ.

ವಿಕಿಮೀಡಿಯ ಕಾಮನ್ಸ್ ನೋಡಿ. ವಿಕಿಪೀಡಿಯದ ಚಿತ್ರಗಳೆಲ್ಲ ಕೂರುವ ಉಗ್ರಾಣ ಅದು, 2004ರಿಂದ ಇದೆ. ಯಕ್ಷಗಾನ ಅಂತ ಹುಡುಕಿದರೆ ತುಂಬ ಫೋಟೋ ಸಿಗುತ್ತವೆ, ಹೆಸರು ಹಾಕಿ ಬಳಸಬಹುದು. ತೆಂಕು ಯಾವುದು ಬಡಗು ಯಾವುದು ಅಂತ ಬರೆದವರಿಗೇ ಗೊತ್ತಿಲ್ಲದೆ ಹಾಕಿದ್ದೂ ಇದೆ, ಆರಿಸುವಾಗ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮತ್ತೆ ನೀವೇ ತೆಗೆದ ಫೋಟೋ ಇದ್ದರೆ ಅಲ್ಲಿಗೆ ಹಾಕಿ. ನನಗೆ ಇದಕ್ಕಿಂತ ಗಡಿಬಿಡಿ ಇರುವುದು ಕಾವಿ ಕಲೆಯದ್ದು. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕೆಂಪು ಚಿತ್ತಾರ ಇರುತ್ತದಲ್ಲ, ಬಿಳಿ ಸುಣ್ಣದ ಗಾರೆ ಮೇಲೆ ಕೆಂಪು ಕಾವಿ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ಎಬ್ಬಿಸುವುದು. ಜೀರ್ಣೋದ್ಧಾರ ಅಂತ ಗೋಡೆ ಕೆಡವಿದರೆ ಹೋಯಿತು. ನಿಮ್ಮೂರಿನಲ್ಲಿ ಉಳಿದಿದ್ದರೆ ಆಡಳಿತದವರನ್ನು ಕೇಳಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಗೋಡೆಗೆ ನೇರ ನಿಂತು ಫೋಟೋ ತೆಗೆದು ಕಾಮನ್ಸಿಗೆ ಹಾಕಿ. ಊರು, ದೇವಸ್ಥಾನದ ಹೆಸರು, ತಾರೀಕು ಬರೆಯಿರಿ. ಈ ವರ್ಷ ನಾನು ಮೂರು ಗೋಡೆ ತೆಗೆಯಬೇಕು ಅಂದುಕೊಂಡಿದ್ದೆ. ಒಂದು ಆಗಿದೆ.

ಪ್ರಶ್ನೆ: ಜೋಯಿಡಾದಿಂದ. ನೀವು ಏನೇ ಹೇಳಿ, ನಮ್ಮಲ್ಲಿ ನೆಟ್‌ವರ್ಕೇ ಇಲ್ಲ. ಗುಡ್ಡ ಹತ್ತಿದರೆ ಎರಡು ಕಡ್ಡಿ.

ಉತ್ತರ: ಗೊತ್ತು. ಮಳೆಗಾಲದಲ್ಲಿ ನಮ್ಮಲ್ಲೂ ಕರೆಂಟ್ ಹೋದರೆ ಟವರ್ರೂ ಮಲಗುತ್ತದೆ. ನಿಮಗೆ ಕಿವಿಕ್ಸ್ ಬೇಕು. ಅದರಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಾಗಿ ಫೋನಿಗೆ ಇಳಿಸಿಕೊಂಡು, ಆಮೇಲೆ ನೆಟ್ ಇಲ್ಲದೆ ಓದಬಹುದು. ಇಂಕ್‌ಸ್ಕೇಪ್, ಆಡಾಸಿಟಿ, ಚಿತ್ರ ಬಿಡಿಸುವ ಕ್ರಿಟಾ ಇವೆಲ್ಲ ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಕೇಳುವುದಿಲ್ಲ. ಹೊರ್ತುಸ್ ಮಲಬಾರಿಕಸ್ ಕೂಡ ಪಿಡಿಎಫ್ ಆಗಿ ಇಳಿಯುತ್ತದೆ. ದಾಂಡೇಲಿಗೋ ಕಾರವಾರಕ್ಕೋ ಕೆಲಸದ ಮೇಲೆ ಹೋಗುತ್ತೀರಲ್ಲ, ಒಂದು ಪೆನ್‌ಡ್ರೈವ್ ಕಿಸೆಯಲ್ಲಿರಲಿ. ಪರಿಚಯದವರ ಅಂಗಡಿಯಲ್ಲಿ ವೈಫೈ ಇದ್ದರೆ ಒಂದು ಚಹಾ ಜಾಸ್ತಿ ಕುಡಿಯಿರಿ, ಅಷ್ಟರಲ್ಲಿ ಇಳಿದಿರುತ್ತದೆ.